ಆರೋಗ್ಯ ಪಾಠ: ಮಂಡಿ ನೋವು, ಸೊಂಟ ನೋವು ಮತ್ತು ನಮ್ಮ ನಮ್ಮ ಸ್ವಭಾವ



ವಾರದ ಸಭೆಗೆ ಬಂದವರು ಚಾಪೆ ಮೇಲೆ ಕೂರುವಾಗ ಒಂದು ಸಲ ಗಮನಿಸಿ ನೋಡಿ. ಉಳಿತಾಯದ ಪುಸ್ತಕ ತೆಗೆಯುವುದಕ್ಕೆ ಮೊದಲೇ "ಅಯ್ಯಮ್ಮಾ" ಅನ್ನುವ ಸದ್ದು ಎರಡು ಮೂರು ಕಡೆಯಿಂದ ಬರ್ತದೆ. ಒಬ್ಬರು ಗೋಡೆ ಹಿಡಿದು ಕೂರುತ್ತಾರೆ. ಇನ್ನೊಬ್ಬರು ಕಾಲು ನೀಡಿಕೊಂಡೇ ಕೂರುತ್ತಾರೆ. ಮತ್ತೊಬ್ಬರು "ನಾನು ನಿಂತೇ ಇರ್ತೀನಿ, ಕೂತರೆ ಏಳೋಕಾಗಲ್ಲ" ಅಂತಾರೆ. ನಾಟಿ, ಕಳೆ, ಅಡಿಕೆ ಸುಲಿಯುವುದು, ಬೀಡಿ ಕಟ್ಟುವುದು, ನೀರು ಹೊರುವುದು, ಕುಕ್ಕರುಗಾಲಲ್ಲಿ ಕೂತು ಪಾತ್ರೆ ಬಟ್ಟೆ ತೊಳೆಯುವುದು, ಇಷ್ಟೆಲ್ಲಾ ಮಾಡಿದ ಮೈ ನಲವತ್ತೈದು ದಾಟುವಾಗ ದೂರು ಹೇಳದೆ ಇರುತ್ತದೆಯೇ?

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಲೋಕದಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟ ನೋವಿತ್ತು. ಕೀಲು ಸವೆತದ ತೊಂದರೆ 2019ರಲ್ಲಿ ಸುಮಾರು 52.8 ಕೋಟಿ ಜನರಿಗೆ ಇತ್ತು, ಅವರಲ್ಲಿ 100ಕ್ಕೆ 60 ಮಂದಿ ಹೆಂಗಸರು.

ನೋವಿಗೆ ಏನು ಮದ್ದು ಅನ್ನುವ ಪಾಠ ಇದಲ್ಲ. ಒಂದೇ ರೀತಿಯ ನೋವು, ಒಂದೇ ಡಾಕ್ಟರ್, ಒಂದೇ ವ್ಯಾಯಾಮ ಇದ್ದರೂ ಒಬ್ಬರು ಚೇತರಿಸಿಕೊಂಡು ಗದ್ದೆಗೆ ಹೋಗ್ತಾರೆ, ಇನ್ನೊಬ್ಬರು ಮಂಚ ಬಿಟ್ಟು ಏಳುವುದಿಲ್ಲ, ಅದು ಯಾಕೆ ಅನ್ನುವುದನ್ನು ಈ ಸಲ ನೋಡೋಣ.

ಮೂವರು ಅಕ್ಕಂದಿರು

ಮೂವರನ್ನು ಕಲ್ಪಿಸಿಕೊಳ್ಳಿ. ಹೆಸರು ಬೇಡ. ಹೆಸರಿಟ್ಟರೆ "ಇದು ನನ್ನ ಮೇಲೆಯೇ ಬರೆದದ್ದು" ಅಂತ ಯಾರಾದರೂ ಜಗಳಕ್ಕೆ ಬಂದಾರು. ಮೂವರಿಗೂ ಹೆಚ್ಚುಕಡಿಮೆ ಐವತ್ತು ವಯಸ್ಸು, ಮೂವರಿಗೂ ಮಂಡಿ ನೋವು, ಎಕ್ಸ್‌ರೇಯಲ್ಲಿ ಕಂಡ ಸವೆತವೂ ಒಂದೇ ಥರ. ಡಾಕ್ಟರ್ ಮೂವರಿಗೂ ಒಂದೇ ಮಾತು ಹೇಳಿದರು: ತೊಡೆಗೆ ಬಲ ಬರುವ ವ್ಯಾಯಾಮ ದಿನಾ ಮಾಡಿ, ಸ್ವಲ್ಪ ನಡೆಯಿರಿ, ತೂಕ ಇಳಿಸಿ.

ಮೊದಲನೆಯ ಅಕ್ಕ ಹೆದರುವವರು. ಮನೆಗೆ ಬಂದು ಕಾಲು ಚಾಚಿ ವ್ಯಾಯಾಮ ಮಾಡಿದರು, ಒಂದು ಕಡೆ ಚುಳುಕ್ ಅಂತು. ಅಷ್ಟೇ. "ಇನ್ನೂ ಸವೆದು ಹೋದರೆ?" ಅಂತ ನಿಲ್ಲಿಸಿಬಿಟ್ಟರು. ಎರಡನೆಯ ಅಕ್ಕ ಹಟದವರು. ನೋವು ಕಮ್ಮಿ ಇದ್ದ ದಿನ ಮನೆ ಒರೆಸಿ, ಕೊಟ್ಟಿಗೆ ಬಳಿದು, ಎರಡು ದಿನದ ಅಡಿಕೆ ಒಂದೇ ದಿನ ಸುಲಿದರು. ಮಾರನೆಯ ದಿನದಿಂದ ಮೂರು ದಿನ ಮಲಗಿದರು. ಮೂರನೆಯ ಅಕ್ಕ ಒಪ್ಪಿಸಿಬಿಡುವವರು. "ನನ್ನ ಕೈಯಲ್ಲಿ ಏನಿದೆ, ಯಾರಾದರೂ ವಾಸಿ ಮಾಡಬೇಕು" ಅಂತ ಇವತ್ತು ಎಣ್ಣೆ ಉಜ್ಜಿಸುವುದು, ನಾಳೆ ಕರೆಂಟ್ ಕೊಡಿಸುವುದು, ನಾಡಿದ್ದು ಇಂಜೆಕ್ಷನ್. ವ್ಯಾಯಾಮದ ಚೀಟಿ ಕ್ಯಾಲೆಂಡರ್ ಹಿಂದೆ ಸೇರಿತು.

ಆರು ತಿಂಗಳಾದ ಮೇಲೆ ಮೂವರ ಮಂಡಿಯೂ ಹಾಗೇ ಇದೆ. ಮೂವರೂ ಹೇಳುವುದು ಒಂದೇ: "ಆ ಡಾಕ್ಟರ್ ಸರಿ ಇಲ್ಲ."

ಹಾಗಾದರೆ ನೋವು ಸುಳ್ಳೇ?

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಿಬಿಡಬೇಕು. ಸ್ವಭಾವಕ್ಕೂ ನೋವಿಗೂ ಸಂಬಂಧ ಇದೆ ಅಂದ ಕೂಡಲೇ ಮನೆಯಲ್ಲಿ ಕೆಲವರು "ನೋಡಿದ್ಯಾ, ನಾನು ಹೇಳಿರಲಿಲ್ವಾ, ನಿನ್ನದೆಲ್ಲಾ ನಾಟಕ" ಅನ್ನಲು ಕಾದಿರುತ್ತಾರೆ. ಈ ಪಾಠವನ್ನು ಆ ರೀತಿ ಬಳಸಿದರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಹೆಂಗಸರ ನೋವನ್ನು ನಂಬದೆ ಹೋಗಿರುವುದೇ ನಮ್ಮಲ್ಲಿ ಹೆಚ್ಚು.

ನೋವಿನ ಬಗ್ಗೆ ಅಧ್ಯಯನ ಮಾಡುವವರ ಅಂತರರಾಷ್ಟ್ರೀಯ ಸಂಘ 1979ರಲ್ಲೇ ನೋವನ್ನು ದೇಹ ಮತ್ತು ಭಾವನೆ ಎರಡೂ ಸೇರಿದ ಅನುಭವ ಎಂದು ಹೇಳಿತು. 2020ರಲ್ಲಿ ಆ ವಿವರಣೆಯನ್ನು ತಿದ್ದಿದಾಗಲೂ ಇದನ್ನು ಉಳಿಸಿಕೊಂಡಿತು. ಜೊತೆಗೆ, ಯಾರಾದರೂ ನೋವು ಎಂದು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದು ಸೇರಿಸಿತು. ಅರ್ಥ ಇಷ್ಟೇ. ಮಂಡಿಯಿಂದ ಸುದ್ದಿ ಹೊರಟು ಮಿದುಳಿಗೆ ಮುಟ್ಟುತ್ತದೆ. ಮಿದುಳು ಆ ಸುದ್ದಿಯನ್ನು ದೊಡ್ಡದು ಮಾಡಿಕೊಳ್ಳಬಹುದು, ಸಣ್ಣದು ಮಾಡಿಕೊಳ್ಳಬಹುದು. ನಿದ್ರೆ ಇಲ್ಲದ ರಾತ್ರಿ, ಸಾಲದ ಚಿಂತೆ, ಹೆದರಿಕೆ, ಇವೆಲ್ಲಾ ರೇಡಿಯೋದ ಸದ್ದು ಏರಿಸುವ ಗುಂಡಿಯ ಹಾಗೆ. ಗುಂಡಿ ತಿರುಗಿಸಿದ್ದರಿಂದ ಹಾಡು ಸುಳ್ಳಾಗುವುದಿಲ್ಲ, ಸದ್ದು ಜಾಸ್ತಿಯಾಗ್ತದೆ ಅಷ್ಟೇ.

ಹೆದರುವವರ ದಾರಿ

2000ದಲ್ಲಿ ಯೋಹಾನ್ ವ್ಲಾಯೆನ್ ಮತ್ತು ಸ್ಟೀವನ್ ಲಿಂಟನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಒಂದು ಚಕ್ರದ ಹಾಗೆ ವಿವರಿಸಿದರು. ನೋವು ಬಂತು. "ಏನೋ ದೊಡ್ಡದೇ ಆಗಿದೆ" ಅನಿಸಿತು. ಹೆದರಿಕೆಯಾಯ್ತು. ಓಡಾಟ ನಿಂತಿತು. ಓಡಾಡದ ಕಾಲಿನ ಮಾಂಸಖಂಡ ಸೊರಗಿತು, ಕೀಲು ಬಿಗಿಯಿತು, ಮನಸ್ಸು ಕುಗ್ಗಿತು. ಈಗ ಹತ್ತು ಹೆಜ್ಜೆ ಇಟ್ಟರೂ ನೋವು. ಆಗ ಹೆದರಿಕೆಗೆ "ನಾನು ಹೇಳಿದ್ದೇ ನಿಜ" ಅನ್ನಲು ಸಾಕ್ಷಿ ಸಿಕ್ಕಿತು. ಎಣ್ಣೆಗಾಣದ ಎತ್ತಿನ ಹಾಗೆ ಸುತ್ತುವುದೇ ಆಯ್ತು.

ಭುಜ ಹಿಡಿದುಕೊಳ್ಳುವ ತೊಂದರೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ನಲವತ್ತರಿಂದ ಅರವತ್ತರ ಹೆಂಗಸರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಹೆಚ್ಚು. ತಲೆ ಬಾಚಲು ಕೈ ಏಳುವುದಿಲ್ಲ, ರವಿಕೆ ಗುಂಡಿ ಹಾಕಲು ಮಗಳನ್ನು ಕರೆಯಬೇಕು. ನೋವಾಗುತ್ತದೆ ಅಂತ ಕೈಯನ್ನು ಮೈಗೆ ಅಂಟಿಸಿಕೊಂಡೇ ಇಟ್ಟರೆ ಭುಜ ಇನ್ನಷ್ಟು ಬಿಗಿಯುತ್ತದೆ.

ಹೆದರುವವರಿಗೆ ಕಿವಿಗೆ ಬಿದ್ದ ಮಾತು ಕೂಡ ಗಾಯ ಮಾಡ್ತದೆ. "ನಿಮ್ಮ ಮಂಡಿಯಲ್ಲಿ ಗ್ರೀಸ್ ಖಾಲಿಯಾಗಿದೆ", "ಡಿಸ್ಕ್ ಜಾರಿದೆ", "ಇನ್ನು ಬಗ್ಗಲೇಬಾರದು", ಈ ಮಾತುಗಳನ್ನು ಹಟದವರು ಆಸ್ಪತ್ರೆ ಬಾಗಿಲಲ್ಲೇ ಬಿಟ್ಟು ಬರ್ತಾರೆ. ಹೆದರುವವರು ಸೆರಗಿಗೆ ಗಂಟು ಹಾಕಿಕೊಂಡು ಬರ್ತಾರೆ. ಸೊಂಟದ ಸ್ಕ್ಯಾನಿಂಗ್ ಬಗ್ಗೆ ಅವರಿಗೆ ಒಂದು ವಿಷಯ ತಿಳಿದಿರಲಿ. ಸೊಂಟ ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಪರೀಕ್ಷಿಸಿದ ಹಲವು ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದರು. ಐವತ್ತು ವರ್ಷದವರಲ್ಲಿ 100ಕ್ಕೆ ಸುಮಾರು 60 ಮಂದಿಗೆ ಡಿಸ್ಕ್ ಉಬ್ಬಿತ್ತು. ನೋವಿಲ್ಲದೆ! ತಲೆಕೂದಲು ನರೆಯುವ ಹಾಗೆ ಬೆನ್ನುಮೂಳೆಯೂ ನರೆಯುತ್ತದೆ. ಸಾಲ ಮಾಡಿ ಸ್ಕ್ಯಾನ್ ಮಾಡಿಸಿ ಆ ಕಾಗದ ನೋಡಿ ಅಳುವುದಕ್ಕೆ ಮೊದಲು ಡಾಕ್ಟರನ್ನು ಕೇಳಿ: "ಇದರಿಂದ ನನ್ನ ಚಿಕಿತ್ಸೆ ಬದಲಾಗುತ್ತದಾ?"

ಇಂಥವರಿಗೆ "ಧೈರ್ಯ ತಗೋ" ಅಂದರೆ ಪ್ರಯೋಜನ ಕಡಿಮೆ. ಧೈರ್ಯ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಬಹಳ ಸಣ್ಣದರಿಂದ ಶುರು ಮಾಡಿಸಬೇಕು. ಕುರ್ಚಿ ಮೇಲೆ ಕೂತು ಒಂದು ಕಾಲನ್ನು ನೇರ ಚಾಚಿ, ಐದು ಎಣಿಸುವ ತನಕ ಹಿಡಿದು, ಮೆಲ್ಲಗೆ ಇಳಿಸುವುದು. ಮೊದಲ ವಾರ ಐದೇ ಸಲ. ಸ್ವಲ್ಪ ನೋವಾದರೆ ಗಾಬರಿ ಬೇಡ. ಮಾರನೆಯ ಬೆಳಿಗ್ಗೆ ಹೊತ್ತಿಗೆ ಆ ನೋವು ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಪ್ರಮಾಣ ಸರಿಯಾಗಿದೆ. ಇಳಿಯದಿದ್ದರೆ ಮರುದಿನ ಕಮ್ಮಿ ಮಾಡಿ, ಬಿಡಬೇಡಿ. ಹತ್ತು ದಿನ ಮಾಡಿ ಏನೂ ಮುರಿಯಲಿಲ್ಲ ಅಂತ ಮೈಯೇ ಕಂಡುಕೊಂಡಾಗ ಹೆದರಿಕೆ ತಾನಾಗಿ ಸಡಿಲ ಆಗ್ತದೆ. ನೂರು ಬುದ್ಧಿಮಾತು ಅದನ್ನು ಮಾಡಲಾರವು.

ಹಟದವರ ದಾರಿ

ಇವರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ನಮ್ಮ ಸಂಘಗಳಲ್ಲಿ ಇವರೇ ಜಾಸ್ತಿ, ಮತ್ತು ಇವರನ್ನು ಎಲ್ಲರೂ ಹೊಗಳುತ್ತಾರೆ. "ಎಷ್ಟು ನೋವಿದ್ದರೂ ಕೂರುವವಳಲ್ಲ, ಗಟ್ಟಿಗಿತ್ತಿ!" ಈ ಹೊಗಳಿಕೆಯೇ ಇವರಿಗೆ ವಿಷ. ಜರ್ಮನಿಯ ಮೋನಿಕಾ ಹಾಸೆನ್‌ಬ್ರಿಂಗ್ ಎಂಬ ಸಂಶೋಧಕಿ ಸೊಂಟ ನೋವಿನವರಲ್ಲಿ ಇಂಥವರನ್ನು ಗುರುತಿಸಿದರು. ಹೆದರಿ ಸುಮ್ಮನಾಗುವವರ ನೋವು ಹೇಗೆ ಉಳಿದುಬಿಡುತ್ತದೋ, ಹಲ್ಲು ಕಚ್ಚಿ ದುಡಿಯುವವರದೂ ಹಾಗೇ ಉಳಿಯಬಹುದು ಎಂಬುದು ಅವರ ವಾದ.

ಹಟದವರ ದಿನಚರಿಯಲ್ಲಿ ಕೆಲಸ ನಿಲ್ಲುವುದು ಮೈ ಕೈಕೊಟ್ಟಾಗ ಮಾತ್ರ. ಅಮೆರಿಕದ ಸಿಯಾಟಲ್‌ನಲ್ಲಿ ವಿಲ್ಬರ್ಟ್ ಫೋರ್ಡೈಸ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲೇ ಇದರಲ್ಲಿ ಒಂದು ಸೂಕ್ಷ್ಮ ಕಂಡರು. ವಿಶ್ರಾಂತಿ ಯಾವಾಗಲೂ ನೋವಿನ ಹಿಂದೆಯೇ ಬಂದರೆ ವಿಶ್ರಾಂತಿ ನೋವಿಗೆ ಸಿಗುವ ಬಹುಮಾನದಂತೆ ಆಗಿಬಿಡುತ್ತದೆ, ಮೈ ಅದನ್ನೇ ಕಲಿಯುತ್ತದೆ. ಆದ್ದರಿಂದ ಅವರು ರೋಗಿಗಳಿಗೆ ನೋವು ಬರುವ ತನಕ ಮಾಡಿ ಅನ್ನದೆ, ಮೊದಲೇ ಗೊತ್ತು ಮಾಡಿದ ಲೆಕ್ಕದಷ್ಟು ಮಾಡಿ ನಿಲ್ಲಿಸಿ ಅಂದರು.

ಇದನ್ನು ಓದುವಾಗ ನನಗೆ ನಮ್ಮ ಮನೆಗಳೇ ನೆನಪಾಗುತ್ತವೆ. ನಮ್ಮಲ್ಲಿ ಒಬ್ಬ ಹೆಂಗಸು ಹಗಲು ಹೊತ್ತಿನಲ್ಲಿ ಸುಮ್ಮನೆ ಮಲಗಲು ಯಾವಾಗ ಸಾಧ್ಯ? "ಸುಸ್ತಾಗಿದೆ" ಅಂದರೆ ಸಾಲದು. "ಸೊಂಟ ಹಿಡಿದಿದೆ" ಅನ್ನಬೇಕು. ನೋವು ಬಿಟ್ಟರೆ ಬೇರೆ ರಜಾ ಚೀಟಿಯೇ ನಮಗಿಲ್ಲ. ಇದು ಯಾರ ನಾಟಕವೂ ಅಲ್ಲ, ಆ ಮನೆಯಲ್ಲಿ ಕೆಲಸ ಹಂಚಿರುವ ರೀತಿ ಹಾಗಿದೆ. ನೋವಿಲ್ಲದ ದಿನವೂ ಮಧ್ಯಾಹ್ನ ಅರ್ಧ ಗಂಟೆ ಕಾಲು ಚಾಚುವ ಹಕ್ಕು ಸಿಗುವ ತನಕ ಎಂಥ ಫಿಸಿಯೋಥೆರಪಿಯೂ ಅರ್ಧ ಕೆಲಸವೇ ಮಾಡೀತು. ಇದನ್ನು ಮನೆಯ ಗಂಡಸರಿಗೂ ಓದಿ ಹೇಳಿ.

ಹಟದವರಿಗೆ ಬೇಕಾದದ್ದು ಗಡಿಯಾರ. ಮೆಟ್ಟುಕತ್ತಿ ಮುಂದೆ ಕೂತು ಮುಕ್ಕಾಲು ಗಂಟೆಗೆ ಮಂಡಿ ನೋಯಲು ಶುರುವಾಗುತ್ತದೆ ಅಂದುಕೊಳ್ಳಿ. ಹಾಗಾದರೆ ಅರ್ಧ ಗಂಟೆಗೇ ಏಳಬೇಕು, ಆಗ ನೋವು ಇಲ್ಲದಿದ್ದರೂ. ಎರಡು ಮೂರು ನಿಮಿಷ ಓಡಾಡಿ, ನೀರು ಕುಡಿದು, ಮತ್ತೆ ಕೂರಬೇಕು. ಎತ್ತರದ ಮಣೆ ಸಿಕ್ಕರೆ ಇನ್ನೂ ಒಳ್ಳೆಯದು. ಬಡಿಸುವಾಗ, ಬಟ್ಟೆ ಒಗೆಯುವಾಗಲೂ ಇದೇ ಲೆಕ್ಕ. ಚೆನ್ನಾಗಿರುವ ದಿನ ಜಾಸ್ತಿ ಮಾಡಬಾರದು, ಚೆನ್ನಾಗಿಲ್ಲದ ದಿನ ಪೂರ್ತಿ ಬಿಡಬಾರದು. ಇವರಿಗೆ ಇದು ವ್ಯಾಯಾಮಕ್ಕಿಂತ ಕಷ್ಟ. ಅರ್ಧ ಬುಟ್ಟಿ ಅಡಿಕೆ ಉಳಿದಿರುವಾಗ ಎದ್ದು ಹೋಗುವುದೆಂದರೆ ಅವರಿಗೆ ಮಂಡಿಗಿಂತ ಮನಸ್ಸೇ ಹೆಚ್ಚು ನೋಯುತ್ತದೆ.

ಒಪ್ಪಿಸಿಬಿಡುವವರ ದಾರಿ

"ವಯಸ್ಸಾಯ್ತು, ಹಣೆಬರಹ" ಅನ್ನುವವರೂ, "ಒಳ್ಳೆ ಇಂಜೆಕ್ಷನ್ ಕೊಡೋ ಡಾಕ್ಟರ್ ಯಾರಿದ್ದಾರೆ" ಅಂತ ಹುಡುಕುವವರೂ ಒಂದೇ ಮರದ ಎರಡು ಕೊಂಬೆ. ಇಬ್ಬರ ಲೆಕ್ಕದಲ್ಲೂ ವಾಸಿಯಾಗುವ ಕೀಲಿಕೈ ಬೇರೆಯವರ ಹತ್ತಿರ ಇದೆ. ಎಣ್ಣೆ ಉಜ್ಜುವುದು, ಶಾಖ, ಕರೆಂಟ್ ಇವುಗಳಿಂದ ಆ ಹೊತ್ತಿಗೆ ಹಾಯೆನಿಸಬಹುದು. ಆದರೆ ಇನ್ನೊಬ್ಬರು ಉಜ್ಜಿದ್ದರಿಂದ ನಮ್ಮ ತೊಡೆಗೆ ಬಲ ಬರುವುದಿಲ್ಲ. ಅಪಾಯ ಇನ್ನೊಂದಿದೆ. ಮೆಡಿಕಲ್ ಶಾಪಿನಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಮೂತ್ರಪಿಂಡ ಕೆಡಿಸಬಹುದು. ಹೆಸರು ವಿಳಾಸ ಇಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪತ್ತೆಯಾದದ್ದುಂಟು. ಮೂರೇ ದಿನಕ್ಕೆ ಪವಾಡದ ಹಾಗೆ ನೋವು ಹೋಯಿತು ಅಂದರೆ ಸಂತೋಷಪಡುವ ಮೊದಲು ಅನುಮಾನಪಡಿ.

ಇವರಿಗೆ ಚೀಟಿ ಕೊಟ್ಟು ಕಳಿಸಿದರೆ ಆಗದು. ಎದುರು ನಿಂತು ಮಾಡಿಸಬೇಕು, ಮುಂದಿನ ವಾರ ಕೇಳಬೇಕು, ಆದ ಬದಲಾವಣೆ ತೋರಿಸಬೇಕು: "ಹೋದ ವಾರ ಬಾವಿ ತನಕ, ಈ ವಾರ ಬಸ್‌ಸ್ಟಾಪ್ ತನಕ. ನಡೆದದ್ದು ಯಾರ ಕಾಲು?"

ಇನ್ನು, ಈ ಮೂರು ಪೆಟ್ಟಿಗೆಯಲ್ಲಿ ಎಲ್ಲರನ್ನೂ ತುಂಬಲು ಹೋಗಬೇಡಿ. ಬೆಳಿಗ್ಗೆ ಹಟದವರಾಗಿದ್ದವರು ರಾತ್ರಿ ಹೆದರುವವರಾಗುತ್ತಾರೆ. ಮಾತೇ ಆಡದೆ ನುಂಗಿಕೊಳ್ಳುವವರೂ ಇದ್ದಾರೆ. ಊಟ, ನಿದ್ರೆ, ಯಾವುದರಲ್ಲೂ ಮನಸ್ಸಿಲ್ಲದೆ ವಾರಗಟ್ಟಲೆ ಮಂಕಾಗಿರುವವರಿಗೆ ಮಂಡಿಯ ಜೊತೆ ಮನಸ್ಸಿನ ಚಿಕಿತ್ಸೆಯೂ ಬೇಕು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸೇವೆಯ 14416 ನಂಬರಿಗೆ ಹಣ ಖರ್ಚಿಲ್ಲದೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಒಂದು ಸಂಘದಂಥ ತರಗತಿ

ಈಗ ನನಗೆ ಬಹಳ ಹಿಡಿಸಿದ ಒಂದು ಸಂಗತಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಎಂಬುವರು, ಮೂಲತಃ ನರ್ಸ್, ಸುಮಾರು 1980ರ ಹೊತ್ತಿಗೆ ಕೀಲು ನೋವಿನವರಿಗಾಗಿ ಒಂದು ತರಗತಿ ರೂಪಿಸಿದರು. ಹತ್ತು ಹದಿನೈದು ಜನ, ವಾರಕ್ಕೆ ಎರಡು ಗಂಟೆ, ಆರು ವಾರ. ನಡೆಸುವವರು ಡಾಕ್ಟರ್ ಅಲ್ಲ, ತರಬೇತಿ ಪಡೆದ ಸಾಮಾನ್ಯ ಜನ, ಅವರಲ್ಲಿ ಎಷ್ಟೋ ಮಂದಿಗೆ ತಮಗೇ ಕೀಲು ನೋವು. ಹೇಳಿ, ಇದು ನಮ್ಮ ಸಂಘದ ಹಾಗೇ ಇಲ್ಲವೇ?

ತರಗತಿಗೆ ಬಂದವರ ನೋವು ಕಡಿಮೆಯಾಯಿತು. ಯಾಕೆ ಅಂತ ಹುಡುಕಿದಾಗ ಅವರಿಗೇ ಆಶ್ಚರ್ಯ ಕಾದಿತ್ತು. ಹೆಚ್ಚು ವ್ಯಾಯಾಮ ಮಾಡಿದವರಿಗೆ ಹೆಚ್ಚು ಗುಣ ಎಂಬ ನೇರ ಲೆಕ್ಕ ಕೂಡಿಬರಲಿಲ್ಲ. "ಈ ನೋವಿದ್ದರೂ ನಾನು ಏನಾದರೂ ಮಾಡಬಲ್ಲೆ" ಎಂಬ ನಂಬಿಕೆ ಯಾರಲ್ಲಿ ಬೆಳೆಯಿತೋ ಅವರಿಗೆ ಹೆಚ್ಚು ಗುಣ ಕಂಡಿತ್ತು. 1989ರಲ್ಲಿ ಇದನ್ನು ಪ್ರಕಟಿಸಿದರು. ಅಂದಮಾತ್ರಕ್ಕೆ ವ್ಯಾಯಾಮ ಬೇಡ ಅಂತ ಅಲ್ಲ. ಆ ನಂಬಿಕೆ ಹುಟ್ಟುವುದೇ ಸಣ್ಣ ಸಣ್ಣ ಕೆಲಸ ಮಾಡಿ ಮುಗಿಸಿದಾಗ. ಹುಟ್ಟುಗುಣ ಸುಲಭವಾಗಿ ಹೋಗದಿರಬಹುದು. ಆದರೆ ಈ ನಂಬಿಕೆಯನ್ನು ಆರು ವಾರದಲ್ಲಿ ಬೆಳೆಸಬಹುದು ಎಂಬುದು ನಮಗೆ ಮುಖ್ಯ.

ಅವರ ಒಂದು ಪದ್ಧತಿಯನ್ನು ನಾವು ಹಾಗೇ ತೆಗೆದುಕೊಳ್ಳಬಹುದು. ಪ್ರತಿಯೊಬ್ಬರೂ ವಾರಕ್ಕೆ ಒಂದು ಸಣ್ಣ ತೀರ್ಮಾನ ಹೇಳಬೇಕು: ಏನು, ಎಷ್ಟು, ಯಾವಾಗ, ವಾರದಲ್ಲಿ ಎಷ್ಟು ದಿನ. "ವ್ಯಾಯಾಮ ಮಾಡ್ತೀನಿ" ಅಂದರೆ ಲೆಕ್ಕಕ್ಕಿಲ್ಲ. "ಸಂಜೆ ದೀಪ ಹಚ್ಚುವ ಮೊದಲು ಹತ್ತು ನಿಮಿಷ, ವಾರದಲ್ಲಿ ನಾಲ್ಕು ದಿನ ನಡೀತೀನಿ" ಅನ್ನಬೇಕು. ಆಮೇಲೆ ಒಂದು ಪ್ರಶ್ನೆ: ಇದು ಆಗುತ್ತದೆ ಅಂತ ಸೊನ್ನೆಯಿಂದ ಹತ್ತರವರೆಗೆ ಎಷ್ಟು ನಂಬಿಕೆ? ಏಳಕ್ಕಿಂತ ಕಮ್ಮಿ ಅಂದರೆ ತೀರ್ಮಾನವನ್ನೇ ಸಣ್ಣದು ಮಾಡಬೇಕು. ಹೆದರುವವರು ಐದು ನಿಮಿಷಕ್ಕೆ ಇಳಿಸಲಿ. ಹಟದವರು "ಒಂದು ಗಂಟೆ ನಡೀತೀನಿ, ಹತ್ತಕ್ಕೆ ಹತ್ತು" ಅಂದರೆ ನಗಬೇಡಿ, ಮೆಲ್ಲಗೆ ಅರ್ಧಕ್ಕೆ ಇಳಿಸಿ. ಮಾಡಲಾಗದವರಿಗೆ ದಂಡ ಬೇಡ, ಇದು ಸಾಲದ ಕಂತಲ್ಲ. "ಏನು ಅಡ್ಡ ಬಂತು?" ಅಂತ ಕೇಳಿ. ಮೊಮ್ಮಗುವಿಗೆ ಜ್ವರ ಬಂದಿರಬಹುದು.

ತಡ ಮಾಡಬಾರದ ನೋವು

ಕೆಲವು ಸಂದರ್ಭಗಳಲ್ಲಿ ಸ್ವಭಾವದ ಮಾತೇ ಬರುವುದಿಲ್ಲ, ನೇರ ಆಸ್ಪತ್ರೆಗೆ ಹೋಗಬೇಕು. ಸೊಂಟ ನೋವಿನ ಜೊತೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಯ ಸಂದಿ ಜೋಮು ಹಿಡಿದರೆ, ಪಾದದ ಶಕ್ತಿ ಹೋದರೆ ಅದೇ ದಿನ ಹೋಗಿ. ಬಿದ್ದ ಮೇಲೆ ಬಂದ ನೋವು, ಜ್ವರದ ಜೊತೆ ಊದಿ ಬಿಸಿಯಾದ ಕೀಲು, ಕಾರಣವಿಲ್ಲದೆ ತೂಕ ಇಳಿಯುವುದು, ಇವನ್ನೂ ಬಿಡಬೇಡಿ. ಎಡ ಭುಜ, ಕೈಗೆ ಹರಡುವ ಎದೆ ನೋವನ್ನು ಮೈಕೈ ನೋವು ಅಂದುಕೊಂಡು ಎಣ್ಣೆ ಹಚ್ಚುತ್ತಾ ಕೂರಬೇಡಿ. ಬೆಳಿಗ್ಗೆ ಎದ್ದಾಗ ಕೈಬೆರಳ ಗೆಣ್ಣುಗಳು ಊದಿ ಅರ್ಧ ಗಂಟೆಗೂ ಹೆಚ್ಚು ಮರಗಟ್ಟಿದಂತೆ ಇದ್ದು, ವಾರಗಟ್ಟಲೆ ಹೀಗೇ ಆದರೆ ಅದು ಸವೆತವಲ್ಲದ ಬೇರೆ ಸಂಧಿವಾತ ಇರಬಹುದು. ಅದಕ್ಕೆ ಬೇರೆಯೇ ಔಷಧಿ ಇದೆ, ಬೇಗ ಶುರು ಮಾಡಿದಷ್ಟೂ ಬೆರಳು ಸೊಟ್ಟಗಾಗುವುದು ತಪ್ಪುತ್ತದೆ. ಇಲ್ಲಿ ಹಟದವರೇ ಹೆಚ್ಚು ತಡ ಮಾಡುತ್ತಾರೆ, ಅವರ ಮೇಲೆ ಒಂದು ಕಣ್ಣಿರಲಿ.

ಸಭೆಯಲ್ಲಿ ಮಾತಾಡಲು

ಈ ಪಾಠ ಓದಿದ ಮೇಲೆ ಒಬ್ಬರು ಇನ್ನೊಬ್ಬರಿಗೆ "ನೀನು ಇಂಥವಳು" ಅನ್ನುವುದು ಬೇಡ. ತಮ್ಮ ಬಗ್ಗೆ ತಾವೇ ಹೇಳಿಕೊಳ್ಳಲಿ: ನೋವು ಬಂದಾಗ ನಾನು ಮೊದಲು ಮಾಡುವುದೇನು? ಮಲಗುತ್ತೇನೋ, ಹಲ್ಲು ಕಚ್ಚುತ್ತೇನೋ, ಯಾರನ್ನೋ ಹುಡುಕುತ್ತೇನೋ? ನನಗೆ ನೋವೆಂದಾಗ ಮನೆಯವರು ಏನು ಹೇಳುತ್ತಾರೆ? ನೋವಿಲ್ಲದ ದಿನ ನಾನು ಎಷ್ಟು ಹೊತ್ತು ಕೂತಿರುತ್ತೇನೆ? ಆಮೇಲೆ ನಡಾವಳಿ ಪುಸ್ತಕದ ಕೊನೆಯ ಹಾಳೆಯಲ್ಲಿ ಗೆರೆ ಎಳೆದು ಪ್ರತಿಯೊಬ್ಬರ ಹೆಸರು, ಈ ವಾರದ ತೀರ್ಮಾನ, ನಂಬಿಕೆಯ ಅಂಕ ಬರೆಯಿರಿ. ಮುಂದಿನ ವಾರ ಉಳಿತಾಯ ಕಟ್ಟಿಸಿಕೊಳ್ಳುವ ಮೊದಲು ಆ ಹಾಳೆ ತೆರೆಯಿರಿ. ಚಾಪೆ ಮೇಲೆ ಕೂರಲಾಗದವರಿಗೆ ಅಂಗನವಾಡಿಯಿಂದಲೋ ಪಕ್ಕದ ಮನೆಯಿಂದಲೋ ಎರಡು ಕುರ್ಚಿ ಮೊದಲೇ ತಂದಿಟ್ಟಿರಿ.